ಮುತ್ತಜ್ಜನ ಯುದ್ಧದ ಬಿರುಕು

ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಮಾದರಿಯ ಕೋವಿಯನ್ನು ಬಡಗಿಯ ಭಾವ ಹಸುಗೂಸಿನಂತೆ ಎತ್ತಿ ತಂದು ಅವನ ಮೇಜಿನ ಮೇಲೆ ಮಲಗಿಸಿದ. ಹಿಡಿಯ ಮರ ಸೀಳಿತ್ತು.

“ನಮ್ಮ ಮುತ್ತಜ್ಜ ಯುದ್ಧದಲ್ಲಿ ಇದರಿಂದಲೇ ಶತ್ರು ತಲೆ ಒಡೆದಿದ್ರು. ಆಗ ಬಿಟ್ಟ ಬಿರುಕು,” ಎಂದು ಕೊಚ್ಚಿಕೊಂಡ.

ಅಕ್ಕನ ಮದುವೆಯಾದಾಗಿನಿಂದ ಈ ಮುತ್ತಜ್ಜನ ಪುರಾಣ ಕೇಳಿ ಕೇಳಿ ಬಡಗಿಯ ಕಿವಿ ತೂತಾಗಿತ್ತು. ಬಿರುಕನ್ನು ಅಗಲಿಸಿ ನೋಡಿದ. ಒಳಗಿನ ಮರ ನಿನ್ನೆ ಮೊನ್ನೆ ಸೀಳಿದಂತೆ ಬೆಳ್ಳಗಿತ್ತು. ಹಿಡಿಯ ಬುಡದಲ್ಲಿ ಮೊಳೆಯ ತಲೆ ಒತ್ತಿದ ಗುರುತುಗಳಿದ್ದವು, ಪಕ್ಕದಲ್ಲೇ ಗೋಡೆಯ ಸುಣ್ಣ ಮೆತ್ತಿತ್ತು. ಅವನು ಬಿರುಕಿಗೆ ಅಂಟು ತುಂಬಿ, ಹಗ್ಗ ಬಿಗಿದು, ಒಣಗಿದ ಮೇಲೆ ಉಜ್ಜಿ ಎಣ್ಣೆ ಹಚ್ಚಿದ.

ಕೋವಿ ಒಯ್ಯಲು ಬಂದ ಭಾವನ ಕೈಗೆ ಒಂದು ಸುತ್ತಿಗೆಯನ್ನೂ ಇಟ್ಟ.

“ಇದ್ಯಾಕೋ?”

“ಮುಂದಿನ ಯುದ್ಧ ಇದ್ರಲ್ಲಿ ಮಾಡಿ, ಭಾವ. ಕೋವಿ ನೇತುಹಾಕೋ ಮೊಳೇನ ಯಾರಾದ್ರೂ ಕೋವಿಯಿಂದಲೇ ಹೊಡೀತಾರಾ?”