ಕತೆಲ್ಲೋನ ಮುಖ

ನಾನು ಗೇಣುದ್ದದ ಒಬ್ಬ ಮಣ್ಣಿನ ಬೆಸ್ತ. ಇಟಲಿಯ ದಕ್ಷಿಣದಲ್ಲಿ, ಬಂಡೆಗಳ ನಡುವೆ ಸಿಕ್ಕಿಕೊಂಡಂತಿರುವ ಪುಂತಾಮೋರಾ ಎಂಬ ಕಡಲೂರಿನಲ್ಲಿ ಹುಟ್ಟಿದೆ. ಡಿಸೆಂಬರ್ ಬಂತೆಂದರೆ ಅಲ್ಲಿ ಮನೆಮನೆಯಲ್ಲೂ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟಿ ಗೊಂಬೆ ಕೂರಿಸುತ್ತಾರೆ. ಬಾಲಯೇಸುವಿನ ಸುತ್ತ ಕುರುಬರಷ್ಟೇ ಅಲ್ಲ, ರೊಟ್ಟಿ ಸುಡುವವಳು, ಚಾಕು ಸಾಣೆ ಹಿಡಿಯುವವ, ಮೀನು ಮಾರುವವ, ಇಡೀ ಊರೇ ನಿಂತಿರುತ್ತದೆ. ಆ ಗೊಂಬೆಗಳನ್ನು ಮಾಡುವುದರಲ್ಲಿ ನುಂಜಿಯಾತಾಳದು ಎತ್ತಿದ ಕೈ.

ನನ್ನ ಮೈ ಮುಗಿಸಿ ಮುಖಕ್ಕೆ ಬಂದಾಗ ಅವಳಿಗೊಂದು ತಮಾಷೆ ಹೊಳೆಯಿತು. ಬಾಗಿಲಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಗಂಡ ಕತೆಲ್ಲೋನನ್ನು ನೋಡಿ ನೋಡಿ, ಅವನ ಸೊಟ್ಟ ಮೂಗನ್ನೂ ಗಲ್ಲದ ಮೇಲಿನ ಗಾಯದ ಗುರುತನ್ನೂ ನನಗೆ ಕೊಟ್ಟಳು. ಸುಟ್ಟು ಬಣ್ಣ ಹಚ್ಚಿದ ಮೇಲೆ ಅವನು ನನ್ನನ್ನು ಕೈಗೆತ್ತಿಕೊಂಡ.

"ಏನೇ ಇದು! ಬದುಕಿರೋವಾಗ್ಲೇ ನನ್ನನ್ನ ಮಣ್ಣು ಮಾಡಿಬಿಟ್ಯಲ್ಲೇ!"

ಆರು ವರ್ಷದ ಮಗಳು ಮಿರೆಲ್ಲಾ ಚಪ್ಪಾಳೆ ತಟ್ಟಿ ನಕ್ಕಳು.

ಕ್ರಿಸ್ಮಸ್ ಹಿಂದಿನ ದಿನ ಆ ಊರಿನವರು ಮಾಂಸ ಮುಟ್ಟುವುದಿಲ್ಲ. ಅಂದಿನ ಊಟಕ್ಕೆ ಮೀನೇ ಆಗಬೇಕು. ಅದರ ಮುನ್ನಾದಿನ ಬೆಳಿಗ್ಗೆ ಕತೆಲ್ಲೋ ಕಡಲನ್ನು ನೋಡಿ ಹಿಂದೆ ಬಂದ.

"ಗಾಳಿ ಸರಿಯಿಲ್ಲ ಕಣೇ."

"ಬೆಸ್ತನ ಹೆಂಡ್ತಿ ನಾನು. ಹಬ್ಬಕ್ಕೆ ಬೇಳೆ ಬೇಯಿಸಿಡ್ಲಾ?" ಎಂದು ನುಂಜಿಯಾತಾ ರೇಗಿ ಒಳಗೆ ಹೋದಳು.

ಅವನು ಹೋದ. ಮಧ್ಯಾಹ್ನ ದೋಣಿ ಮಗುಚಿಕೊಂಡು ಬಂಡೆಗೆ ಬಂದು ಬಡಿಯಿತು. ಅವನು ಸಿಗಲೇ ಇಲ್ಲ.

ಅದೇ ಹೊತ್ತಿಗೆ, ಗೋದಲಿಯ ಒಣ ಪಾಚಿಯ ಮೇಲೆ ನಿಂತಿದ್ದ ನನ್ನೊಳಗೆ ತಣ್ಣನೆಯ ನೀರು ನುಗ್ಗಿದಂತಾಯಿತು. ಬಾಯಿಯೆಲ್ಲ ಉಪ್ಪು. ಬಲಗೈಯಲ್ಲಿ ಹಗ್ಗ ಜಾರಿದ ಉರಿ. ನಾನು ಕಡಲನ್ನು ಕಂಡವನೇ ಅಲ್ಲ.

ಆಮೇಲೆ ಪ್ರತಿ ವರ್ಷವೂ ನುಂಜಿಯಾತಾ ನನ್ನನ್ನು ಹುಲ್ಲಿನ ಪೆಟ್ಟಿಗೆಯಿಂದ ತೆಗೆದು, ಊಟದ ಮೇಜಿನ ಮೇಲೆ ಒಂದು ಖಾಲಿ ತಟ್ಟೆಯ ಮುಂದೆ ನಿಲ್ಲಿಸುತ್ತಿದ್ದಳು. "ನನ್ನ ಮೇಲೆ ಸಿಟ್ಟಾ? ಹೇಳು," ಎನ್ನುತ್ತಿದ್ದಳು. ನನ್ನೊಳಗಿದ್ದವನಲ್ಲಿ ಸಿಟ್ಟಿರಲಿಲ್ಲ, ಚಳಿ ಮಾತ್ರ ಇತ್ತು. ಹೇಳೋಣವೆಂದರೆ ಮಣ್ಣಿನ ತುಟಿ ಬಿಚ್ಚಲಿಲ್ಲ. ಹಬ್ಬದ ತಿಂಡಿ ತಂದ ನೆರೆಯವರು ನನ್ನ ಮುಖ ಕಂಡು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೊರಟುಬಿಡುತ್ತಿದ್ದರು. ಮಿರೆಲ್ಲಾ ಮಾತ್ರ ನನ್ನತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಕೊನೆಗೊಂದು ದಿನ ಮಿರೆಲ್ಲಾ ನನ್ನನ್ನು ಹಳೇ ಪೇಪರಿನಲ್ಲಿ ಸುತ್ತಿ ಇಗರ್ಜಿಗೆ ತಂದಳು. "ಇದು ಮನೇಲಿದ್ರೆ ಅಮ್ಮ ಉಳಿಯಲ್ಲ ಫಾದರ್," ಎಂದು ಪಾದ್ರಿಯ ಕೈಗಿಟ್ಟಳು. ಅವರು ನನ್ನನ್ನು ಇಗರ್ಜಿಯ ಗೋದಲಿಯಲ್ಲಿ ನಿಲ್ಲಿಸಿದರು.

ಹಬ್ಬಕ್ಕೆ ಮುಂಚಿನ ಭಾನುವಾರ. ಬೆಟ್ಟದಿಂದಿಳಿದ ಕುರಿಗಾಹಿಗಳು ಗೋದಲಿಯ ಮುಂದೆ ಚರ್ಮದ ಚೀಲದ ವಾದ್ಯ ಊದುತ್ತಿದ್ದರು. ಜನರನ್ನು ತಳ್ಳಿಕೊಂಡು ನುಂಜಿಯಾತಾ ಬಂದಳು. ಹಿಂದೆಯೇ ಮಿರೆಲ್ಲಾ ಓಡಿಬಂದಳು.

"ಅವನನ್ನ ಮತ್ತೆ ಮನೆಯಿಂದ ಆಚೆ ಕಳಿಸಿಬಿಟ್ಯಾ?" ನುಂಜಿಯಾತಾ ಮಗಳ ಮೇಲೆ ಕೂಗಾಡಿದಳು. "ಮೊದಲ ಸಲ ಕಳಿಸಿದ್ದು ನಾನು. ಗಾಳಿ ಸರಿಯಿಲ್ಲ ಅಂದ. ನಾನೇ ಕೇಳಲಿಲ್ಲ. ಕೊಂದವಳು ನಾನು!"

ವಾದ್ಯ ನಿಂತಿತು. ಮಿರೆಲ್ಲಾ ಅಮ್ಮನ ತೋಳು ಹಿಡಿದಳು.

"ನೀನಲ್ಲಮ್ಮ. ನೀನು ಒಳಗೆ ಹೋದ ಮೇಲೂ ಅಪ್ಪ ಬಾಗಿಲಲ್ಲೇ ನಿಂತಿದ್ದ. ಹೋಗಲ್ಲ ಅಂತ ಬುಟ್ಟಿ ಕೆಳಗಿಟ್ಟಿದ್ದ. ನಾನು ಕಾಲು ಹಿಡ್ಕೊಂಡು ಮೀನು ಬೇಕು ಅಂತ ಅತ್ತೆ. ಅದಕ್ಕೇ ಹೋದ."

"ಯಾಕೇ ಹೇಳಲಿಲ್ಲ?"

"ಹೇಳಿದ್ರೆ ನೀನು ನನ್ನ ಇಟ್ಕೋತಿದ್ಯಾ?"

ನುಂಜಿಯಾತಾ ಮಣ್ಣು ಮೆತ್ತಿದ ಎರಡೂ ಕೈಯಲ್ಲಿ ಮಗಳ ಮುಖ ಹಿಡಿದಳು. "ಆರು ವರ್ಷದ ಕೂಸು ಕಣೇ ನೀನು," ಎಂದಳು. "ಬರೀ ಕೂಸು." ಇಬ್ಬರೂ ಅಲ್ಲೇ ನೆಲದ ಮೇಲೆ ಕುಸಿದು ಅತ್ತರು. ಆಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಮನೆಗೆ ನಡೆದರು. ನನ್ನನ್ನು ಕರೆದೊಯ್ಯುವುದು ಯಾರಿಗೂ ನೆನಪಾಗಲಿಲ್ಲ.

ಈಗ ನುಂಜಿಯಾತಾ ಇಲ್ಲ. ನನಗೂ ವಯಸ್ಸಾಯಿತು. ಇಗರ್ಜಿಯವರು ಯಾರೋ ನನ್ನ ಮೂಗನ್ನು ಸುಣ್ಣ ಮೆತ್ತಿ ನೇರ ಮಾಡಿದರು, ಗಲ್ಲಕ್ಕೆ ಹೊಸ ಬಣ್ಣ ಬಳಿದರು. ಹೋದ ಹಬ್ಬಕ್ಕೆ ತಲೆ ನರೆತ ಮಿರೆಲ್ಲಾ ಬಂದು, ಕನ್ನಡಕ ಏರಿಸಿಕೊಂಡು ಒಂದೊಂದೇ ಗೊಂಬೆಯನ್ನು ನೋಡುತ್ತ ಹೋದಳು. ನನ್ನ ಮೇಲೂ ಅವಳ ಕಣ್ಣು ಹಾಯಿತು. ಗುರುತು ಸಿಗದೆ ಮುಂದೆ ಸರಿದಳು.

ನನ್ನೊಳಗಿನವನಿಗೆ ಇದೊಂದೂ ಗೊತ್ತಿಲ್ಲ. ಅವನಿಗೆ ಇನ್ನೂ ಅದೇ ಮಧ್ಯಾಹ್ನ. ದಡ ಯಾವ ಕಡೆ ಎಂದು ಕೇಳುತ್ತಲೇ ಇರುತ್ತಾನೆ. ಸ್ವಲ್ಪ ದೂರ ಕಣಪ್ಪ, ಇನ್ನು ಸ್ವಲ್ಪವೇ ದೂರ, ಎನ್ನುತ್ತೇನೆ. ನಂಬಿಕೊಂಡು ಈಜುತ್ತಾನೆ.