ಉಸ್ತಾದರ ಮುಂದಿನ ಹಲ್ಲು

ಬಿ.ಸಿ.ರೋಡಿನಲ್ಲಿ ಹತ್ತಿ ನಿಲ್ಲುವಷ್ಟರಲ್ಲಿ ಬಸ್ಸು ಹೊರಟು, ಮರುಕ್ಷಣವೇ ಬ್ರೇಕ್ ಬಿತ್ತು. ಅಬ್ದುಲ್ ಹಕೀಂ ಉಸ್ತಾದರ ಬಾಯಿ ಕಂಬಿಗೆ ಬಡಿದು, ಮೇಲ್ಸಾಲಿನ ಮುಂದಿನ ಹಲ್ಲೊಂದು ಬುಡಸಮೇತ ಕಿತ್ತುಬಂತು.

ನೋವು ನಾಲ್ಕು ದಿನದಲ್ಲಿ ಇಳಿಯಿತು. ಐದನೆಯ ದಿನ ನಮಾಝಿಗೆ ಮುಂದೆ ನಿಂತು ಓದುವಾಗ, ನಾಲಗೆಯ ತುದಿ ಹಲ್ಲಿನ ಅಂಚಿಗೆ ತಾಗಬೇಕಾದ ಅಕ್ಷರದಲ್ಲಿ ಗಾಳಿ ಸುಯ್ಯೆಂದು ಹೊರಗೆ ನುಗ್ಗಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ರಂಝಾನಿಗೆ ಇಪ್ಪತ್ತಮೂರು ದಿನ ಉಳಿದಿತ್ತು. ಶಿರ್ತಾಡಿ ಕಡೆಯ ಆ ಮಸೀದಿಯಲ್ಲಿ ಉಪವಾಸದ ತಿಂಗಳಿಡೀ ರಾತ್ರಿಯ ತರಾವೀಹ್ ನಮಾಝಿಗೆ ಮುಂದೆ ನಿಂತು ಪೂರ್ತಿ ಕುರ್‌ಆನ್ ಓದುವುದು ಹತ್ತೊಂಬತ್ತು ವರ್ಷಗಳಿಂದ ಅವರದೇ ಕೆಲಸ.

"ಈ ಸಲ ಸುಹೈಬ್ ಓದಲಿ, ನೀವು ರೆಸ್ಟ್ ಮಾಡಿ," ಎಂದಿದ್ದರು ಮಸೀದಿ ಕಮಿಟಿಯ ಅಧ್ಯಕ್ಷರು.

ಸುಹೈಬ್ ಉಸ್ತಾದರ ಬಳಿಯೇ ಕಲಿತು, ಈಗ ಮಸೀದಿಯ ಮದ್ರಸದಲ್ಲಿ ಪಾಠ ಹೇಳುವವನು. ಒಳ್ಳೆಯ ಕಂಠ. ಒಮ್ಮೆ ಬಿಟ್ಟುಕೊಟ್ಟ ಜಾಗ ಮತ್ತೆ ಸಿಗುತ್ತದೆಯೇ? ಉಸ್ತಾದರಿಗೆ ಊಟ ಸೇರಲಿಲ್ಲ.

ಹೆಂಡತಿ ಜೈನಬಮ್ಮನನ್ನು ಕರೆದುಕೊಂಡು ಮೂಡುಬಿದಿರೆಯ ದಂತವೈದ್ಯೆ ಕಾಂತಿಯ ಬಳಿಗೆ ಹೋದರು.

"ಮೂರು ದಾರಿ ಉಂಟು ಉಸ್ತಾದರೇ," ಎಂದರು ಡಾಕ್ಟರ್. "ಎಲುಬಿಗೆ ಸ್ಕ್ರೂ ಕೂರಿಸುವ ಇಂಪ್ಲಾಂಟ್ ಒಂದು. ಗಟ್ಟಿ, ಆದ್ರೆ ನಾಲ್ಕೈದು ತಿಂಗಳು ಬೇಕು. ಆಚೀಚೆಯ ಹಲ್ಲು ಅರೆದು ಬ್ರಿಡ್ಜ್ ಕೂರಿಸಿದ್ರೆ ಹತ್ತು ದಿನದಲ್ಲಿ ಮುಗೀತದೆ. ಇಲ್ಲದಿದ್ರೆ ತೆಗೆದು ಮತ್ತೆ ಹಾಕುವ ಹಲ್ಲುಸೆಟ್ಟು."

"ಬ್ರಿಡ್ಜ್ ಮಾಡಿ. ಇವತ್ತೇ ಶುರು ಮಾಡಿ."

"ಶುಗರ್ ಉಂಟಾ?"

"ಇಲ್ಲ."

ಜೈನಬಮ್ಮ ಗಂಡನ ಮುಖ ನೋಡಿದರು. ಅವರು ಗೋಡೆ ನೋಡುತ್ತಿದ್ದರು.

"ಉಂಟು ಡಾಕ್ಟ್ರೇ. ಏಳು ವರ್ಷ ಆಯ್ತು. ಮಾತ್ರೆಯನ್ನು ನೆನಪಾದಾಗ ತಗೊಳ್ತಾರೆ."

ಉಸ್ತಾದರ ಮುಖ ಕೆಂಪಾಯಿತು. ಕಾಂತಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಪಕ್ಕದ ಈ ಹಲ್ಲು ನೋಡಿ. ಅದೇ ಏಟಿಗೆ ಅಲುಗಿದೆ, ಶುಗರಿನಿಂದ ಬುಡದ ಎಲುಬೂ ಸವೆದಿದೆ. ಇದರ ಮೇಲೆ ಬ್ರಿಡ್ಜಿನ ಭಾರ ಹಾಕಿದ್ರೆ ಇದೂ ಹೋಗ್ತದೆ. ಸ್ಕ್ರೂ ಹಾಕುದಾದ್ರೂ ಮೊದಲು ಶುಗರ್ ಇಳೀಬೇಕು."

"ನನ್ನ ಹಲ್ಲು, ನನ್ನ ಜವಾಬ್ದಾರಿ. ನೀವು ಅರೆಯಿರಿ."

"ಅರೆದದ್ದನ್ನು ವಾಪಸ್ ಕೊಡ್ಲಿಕ್ಕೆ ನನ್ನಿಂದಾಗುದಿಲ್ಲ. ಸ್ವಲ್ಪ ಹೊರಗೆ ಕೂತು ಯೋಚನೆ ಮಾಡಿ."

ಹೊರಗಿನ ಬೆಂಚಿನಲ್ಲಿ ಉಸ್ತಾದರು ಹಲ್ಲು ಕಚ್ಚಿದರು. ಅಲುಗಿದ ಹಲ್ಲು ಚುಳ್ಳೆಂದಿತು.

"ಅವರ ಎದುರು ನನ್ನ ಮಾನ ತೆಗೆದೆ ನೀನು."

"ತೆಗೆದೆ," ಎಂದರು ಜೈನಬಮ್ಮ. "ನಿಮಗೆ ಹಲ್ಲಿನ ಚಿಂತೆ ಅಲ್ಲ. ಸುಹೈಬನ ಹೆದರಿಕೆ. ನೀವೇ ಅಕ್ಷರ ಕಲಿಸಿದ ಹುಡುಗ ಅವನು."

ಒಳಗಿನಿಂದ ಯಾರದೋ ಹಲ್ಲು ಅರೆಯುವ ಸದ್ದು ಕೇಳುತ್ತಿತ್ತು. ಅದು ನಿಂತ ಮೇಲೆ ಉಸ್ತಾದರು ಎದ್ದು ಒಳಗೆ ಹೋದರು.

"ಸದ್ಯಕ್ಕೆ ಸೆಟ್ಟು ಮಾಡಿ ಡಾಕ್ಟ್ರೇ. ಶುಗರ್ ಇಳಿದ ಮೇಲೆ ಸ್ಕ್ರೂ ಹಾಕುವ."

ವಾರದಲ್ಲಿ ಸೆಟ್ಟು ಬಂತು. ಅಂಗುಳಕ್ಕೆ ತಗಲುವ ಭಾಗವನ್ನು ಕಾಂತಿ ಮೂರು ಸಲ ಉಜ್ಜಿ ತೆಳುವಾಗಿಸಿದರು. ಉಸ್ತಾದರ ಕಿವಿಗೆ ಓದು ಸರಿಯಾಯಿತೆನಿಸಿತು. ಆದರೆ ತಮ್ಮ ಕಿವಿಯನ್ನು ಈಗ ಅವರು ನಂಬುವಂತಿರಲಿಲ್ಲ.

ಮದ್ರಸ ಬಿಟ್ಟ ಮೇಲೆ ಸುಹೈಬನನ್ನು ಕರೆದು ಎದುರಿಗೆ ಕೂರಿಸಿಕೊಂಡರು. "ಓದ್ತೇನೆ. ತಪ್ಪಿದ್ರೆ ಹೇಳು. ದಾಕ್ಷಿಣ್ಯ ಬೇಡ."

ಎರಡು ಪುಟ ಓದಿದರು. ಸುಹೈಬ್ ತಲೆ ತಗ್ಗಿಸಿಕೊಂಡೇ ಇದ್ದ.

"ನಾಲ್ಕು ಕಡೆ ಗಾಳಿ ಹೋಯ್ತು, ಉಸ್ತಾದ್," ಎಂದ ಕೊನೆಗೆ, ಅಳುವವನಂತೆ. "ಒಂದು ಕಡೆ ಅರ್ಥವೇ ಬೇರೆ ಆಗ್ತದೆ."

ಉಸ್ತಾದರು ಕಣ್ಣು ಮುಚ್ಚಿದರು. ಆ ನಾಲ್ಕರಲ್ಲಿ ಒಂದೂ ಅವರ ಕಿವಿಗೆ ಬಿದ್ದಿರಲಿಲ್ಲ. ಅಲ್ಲೇ ಅಧ್ಯಕ್ಷರಿಗೆ ಫೋನ್ ಮಾಡಿದರು: "ಈ ಸಲ ಸುಹೈಬ್ ಮುಂದೆ ನಿಲ್ತಾನೆ. ನಾನು ಅವನ ಹಿಂದೆ ಇರ್ತೇನೆ."

ಶುಗರ್ ಇಳಿಯಲು ಬಕ್ರೀದ್ ದಾಟಬೇಕಾಯಿತು. ಆಮೇಲೆ ಸ್ಕ್ರೂ ಕೂತು, ಎಲುಬು ಹಿಡಿದು, ಹೊಸ ಹಲ್ಲು ಬಂತು. ಮುಂದಿನ ರಂಝಾನಿನಲ್ಲಿ ಮೊದಲ ಹದಿನೈದು ದಿನ ಸುಹೈಬ್ ಓದಿದ, ಉಳಿದ ದಿನ ಉಸ್ತಾದರು. ಹಾಗೆ ಹಂಚಿದವರು ಉಸ್ತಾದರೇ.