ಗುಂಯ್ ಸದ್ದಿನೊಳಗಿನ ಹಕ್ಕಿ

ಎಲ್ಡಾಳ ಕಿವಿಯ ಬಗ್ಗೆ ಮರ್ರಾಮಿ ಹಳ್ಳಿಯ ಸುತ್ತಮುತ್ತ ಯಾರೂ ಹಗುರವಾಗಿ ಮಾತಾಡುತ್ತಿರಲಿಲ್ಲ. ಮದುವೆಗೆ ಮುಂಚೆ ಪಕ್ಕದ ಪಟ್ಟಣ ಲೀಟನ್‌ನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದವಳು. ಆ ಕಡೆಯವರು ಉಸಿರೆಳೆದುಕೊಂಡರೆ ಸಾಕು, ಯಾರೆಂದು ಹೇಳುತ್ತಿದ್ದಳು. ಅಂಥವಳಿಗೆ ಗಂಟುಬಿದ್ದವನು ಗ್ವಿಡೊ. ಆಯಸ್ಸೆಲ್ಲ ಟ್ರ್ಯಾಕ್ಟರಿನ ಮೇಲೆ ಕೂತು ಅವನ ಕಿವಿ ಅರ್ಧಕ್ಕರ್ಧ ಹೋಗಿತ್ತು. ಪಕ್ಕದಲ್ಲೇ ಫೋನ್ ಬಡಿದುಕೊಂಡರೂ ಕೇಳದು, ಕಿಟಕಿಯಲ್ಲಿ ಗಿಳಿ ಕಿರುಚಿದರೂ ಕೇಳದು. ಟೀವಿಯನ್ನು ಮಾತ್ರ ಊರಿಗೆಲ್ಲ ಕೇಳುವ ಹಾಗೆ ಹಾಕುತ್ತಿದ್ದ. ಆ ಗಲಾಟೆಯಿಂದ ತಪ್ಪಿಸಿಕೊಳ್ಳಲೆಂದೇ ಎಲ್ಡಾ ಒಳ್ಳೆಯದೊಂದು ಹೆಡ್‌ಫೋನು, ಅದಕ್ಕೆ ತಕ್ಕ ಪುಟ್ಟ ಆಂಪ್ಲಿಫೈಯರು ತಂದು ಅಡುಗೆಮನೆಯ ಮೇಜಿನ ಮೂಲೆಯಲ್ಲಿ ತನ್ನದೇ ರಾಜ್ಯ ಕಟ್ಟಿಕೊಂಡಿದ್ದಳು.

ಆ ವರ್ಷ ಭತ್ತದ ತೆನೆ ಬಲಿಯುತ್ತಿದ್ದಾಗ ಒಂದು ಬೆಳಗಿನ ಜಾವ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದವಳು ತಟ್ಟನೆ ನಿಂತಳು. ದೂರದಲ್ಲಿ, ನೀರು ನಿಂತ ಭತ್ತದ ನಡುವೆ, ಯಾರೋ ಖಾಲಿ ವೈನ್ ಜಾಡಿಯ ಬಾಯಿಗೆ ಊದಿದಂಥ ಸದ್ದು. ಬಿಟರ್ನ್! ಬಕದ ನೆಂಟ, ಮಹಾ ನಾಚಿಕೆಯ ಹಕ್ಕಿ; ಲೋಕದಲ್ಲಿ ಉಳಿದಿರುವುದೇ ಕೆಲವು. ಗಂಡು ಹಾಗೆ ಕೂಗುತ್ತಿದೆ ಎಂದರೆ ಆಸುಪಾಸಿನಲ್ಲಿ ಗೂಡಿದೆ, ಮರಿಗಳೂ ಇದ್ದಾವು. ಗದ್ದೆಯ ನೀರು ಬಿಟ್ಟರೆ ಮಾರನೇ ದಿನವೇ ನರಿ ಒಳಗೆ ನಡೆದುಬರುತ್ತದೆ. ಹಾರಲು ಬಾರದ ಮರಿಗಳ ಗತಿ ಹೇಳಬೇಕಾಗಿಲ್ಲ.

ಆ ಭಾನುವಾರದ ಊಟಕ್ಕೆ ಗ್ವಿಡೊನ ಅಣ್ಣ ಪ್ರಿಮೊ ಬಂದಿದ್ದ. ಗದ್ದೆ ಇಬ್ಬರದೂ, ಯಜಮಾನಿಕೆ ಮಾತ್ರ ಹುಟ್ಟಿದಾಗಿನಿಂದ ಪ್ರಿಮೊನದೇ. ಹಲಗೆಯ ಮೇಲೆ ಹೊಗೆಯಾಡುತ್ತಿದ್ದ, ಮೆಕ್ಕೆಜೋಳದ ಮುದ್ದೆಯಂಥ ಪೊಲೆಂಟಾವನ್ನು ದಾರದಿಂದ ಕೊಯ್ಯುತ್ತ ಅವನು ಘೋಷಿಸಿಬಿಟ್ಟ.

"ಬರೋ ಭಾನುವಾರ ತೂಬು ಎತ್ತೋದೇ. ಗದ್ದೆ ಒಣಗಬೇಕು. ಕಟಾವು ಯಂತ್ರದವನು ನಮ್ಮನೆ ಅಳಿಯ ಅಲ್ಲ, ಕಾಯೋಕೆ."

"ಎತ್ತಬೇಡ ಪ್ರಿಮೊ. ಬಿಟರ್ನ್ ಇದೆ. ನಾನೇ ಕೇಳಿದೀನಿ."

"ನೀನು ಕೇಳಿದ್ದು ಪಂಪಿನ ಸದ್ದು ಕಣೇ."

"ಪಂಪಿನ ಸದ್ದು ನಂಗೆ ಚೆನ್ನಾಗೇ ಗೊತ್ತು. ನೀನು ಊಟ ಆದ್ಮೇಲೆ ಸೋಫಾ ಮೇಲೆ ಬಿದ್ಕೊಂಡು ಮಾಡ್ತೀಯಲ್ಲ, ಅದು. ನಾನು ಕೇಳಿದ್ದು ಬೇರೆ."

ಗ್ವಿಡೊ ಯಾವ ಮಾತೂ ಕೇಳಿಸದವನಂತೆ ಮೊಲದ ಸಾರು ಬಡಿಸಿಕೊಂಡ. ಅಣ್ಣನ ಮಾತಿಗೆ ಅವನು ಎಂದೂ ಎದುರಾಡಿದವನಲ್ಲ. ಪ್ರಿಮೊ ದಾರ ಕೆಳಗಿಟ್ಟು ಕುಹಕವಾಗಿ ನಕ್ಕ.

"ಸರಿ ಹಾಗಾದ್ರೆ. ನನ್ನ ಕಿವೀಲಿ ಕೇಳಿಸು. ಭಾನುವಾರದೊಳಗೆ. ಕೇಳಿಸಿದ್ರೆ ನಿನ್ನ ಹಕ್ಕಿಮರಿ ಹಾರೋವರೆಗೂ ತೂಬು ಮುಟ್ಟಲ್ಲ. ಇಲ್ದಿದ್ರೆ ಬಾಯ್ಮುಚ್ಕೊಂಡು ಇರ್ಬೇಕು."

ಪೊಲೆಂಟಾದ ಹಲಗೆಯ ಮುಂದೆ ಆಡಿದ ಮಾತನ್ನು ನುಂಗಬಾರದು ಎಂಬುದು ಅವರಪ್ಪನ ಕಾಲದ ನೇಮ. ಎಲ್ಡಾ ಗ್ಲಾಸು ಎತ್ತಿ ಒಪ್ಪಿಕೊಂಡಳು.

ಒಪ್ಪಿಕೊಳ್ಳುವುದೇನೋ ಸುಲಭ. ಮನುಷ್ಯರ ಸುಳಿವು ಸಿಕ್ಕರೆ ಆ ಹಕ್ಕಿ ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ಪ್ರಿಮೊನನ್ನು ಬದುವಿನ ಮೇಲೆ ನಿಲ್ಲಿಸಿ ಪ್ರಯೋಜನವಿಲ್ಲ. ಆದ್ದರಿಂದ ತೂಬಿನ ಹತ್ತಿರ ಮೈಕು ನಿಲ್ಲಿಸಿ, ಬೇಲಿಯುದ್ದಕ್ಕೂ ತಂತಿ ಎಳೆದು, ಅಡುಗೆಮನೆಯ ಆಂಪ್ಲಿಫೈಯರಿಗೆ ಸಿಕ್ಕಿಸುವುದೆಂದಾಯಿತು. ಗ್ವಿಡೊ ತಾನೇ ಹೋಗಿ ಪಂಪಿನ ಪಕ್ಕದ ಕಬ್ಬಿಣದ ಕಂಬಕ್ಕೆ ಮೈಕನ್ನು ಬಿಗಿದು ಬಂದ. ಗಂಡ ತನ್ನ ಪಕ್ಷ ವಹಿಸಿದನೋ, ಮನೆಯಲ್ಲಿ ಜಗಳ ಬೇಡವೆಂದನೋ, ಎಲ್ಡಾಳಿಗೆ ತಿಳಿಯಲಿಲ್ಲ.

ಸಂಜೆ ಹೆಡ್‌ಫೋನ್ ಹಾಕಿಕೊಂಡಳು. ಗುಂಯ್ಯ್ಯ್... ಅಷ್ಟೇ. ಹಕ್ಕಿಯಿಲ್ಲ, ಕಪ್ಪೆಯಿಲ್ಲ, ಗಾಳಿಯಿಲ್ಲ. ಮುಚ್ಚಿದ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡಂತೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು ತಲೆಯೊಳಗೆಲ್ಲ ತುಂಬಿಕೊಂಡಿತು.

ಎಲ್ಡಾಳಿಗೆ ಪಿತ್ತ ನೆತ್ತಿಗೇರಿತು. ಫ್ರಿಜ್ ಆರಿಸಿದಳು, ಟ್ಯೂಬ್‌ಲೈಟ್ ಆರಿಸಿದಳು, ಗ್ವಿಡೊನ ಟೀವಿಯನ್ನು ಆಟದ ನಡುವೆಯೇ ಆರಿಸಿದಳು. ಸದ್ದು ಜಪ್ಪಯ್ಯ ಎನ್ನಲಿಲ್ಲ. ಕಂಪ್ಯೂಟರಿನ ಚಾರ್ಜರ್ ಕಿತ್ತಾಗ ಒಂಚೂರು ತಗ್ಗಿತು, ಆಮೇಲೆ ಮತ್ತೆ ಅದೇ ರಾಗ. ಫ್ರಿಜ್ ಹಾಕಲು ಮರೆತದ್ದರಿಂದ ಬೆಳಗ್ಗೆ ಐಸ್‌ಕ್ರೀಮು ನೆಲದ ಪಾಲಾಗಿತ್ತು.

ಕಂಪ್ಯೂಟರಿನಲ್ಲಿ ಗುಂಯ್ ಸದ್ದನ್ನು ಅಳಿಸಿಹಾಕುವ ಒಂದು ಗುಂಡಿಯಿತ್ತು. ರೆಕಾರ್ಡು ಮಾಡಿಕೊಂಡು ಅದನ್ನು ಒತ್ತಿದಳು. ಕಿವಿ ತೊಳೆದಿಟ್ಟಂತಾಯಿತು. ಕಪ್ಪೆಗಳು ಕೇಳಿಸಿದವು, ಸೊಳ್ಳೆಯೂ ಕೇಳಿಸಿತು; ಹಕ್ಕಿ ಮಾತ್ರ ಇಲ್ಲ. ಪ್ರಿಮೊ ಹೇಳಿದ್ದೇ ನಿಜವಾಗಿಬಿಟ್ಟರೆ ಎಂಬ ಅನುಮಾನ ಬಂತು. ಆದರೆ ಎಕ್ಸ್‌ಚೇಂಜಿನ ಹೆಂಗಸು ಕೇಳಿದ್ದನ್ನೆಲ್ಲ ಪರೀಕ್ಷೆ ಮಾಡದೆ ನಂಬುವವಳಲ್ಲ. ಗ್ವಿಡೊನ ಕೈಗೆ ಖಾಲಿ ವೈನ್ ಜಾಡಿ ಕೊಟ್ಟು ಮೈಕಿನ ಹತ್ತಿರ ಹೋಗಿ ಊದಿ ಬರಲು ಕಳಿಸಿದಳು. ಅವನು ಕೆಂಪಗಾಗುವಷ್ಟು ಊದಿದ್ದನ್ನು ಕಿಟಕಿಯಿಂದ ಕಣ್ಣಾರೆ ನೋಡಿದಳು. ಆ ರೆಕಾರ್ಡಿಗೂ ಗುಂಡಿ ಒತ್ತಿದಾಗ ಕಪ್ಪೆ ಉಳಿಯಿತು, ಜಾಡಿ ಹೋಯಿತು!

ಹಕ್ಕಿಯ ಕೊರಳೂ ಗುಂಯ್ ಸದ್ದೂ ಒಂದೇ ಮಟ್ಟದವು. ಕಲ್ಲು ಆರಿಸಲು ಹೋಗಿ ಅಕ್ಕಿಯನ್ನೇ ಚೆಲ್ಲಿದ ಹಾಗೆ, ಒಂದನ್ನು ಅಳಿಸಿದರೆ ಇನ್ನೊಂದೂ ಹೋಗುತ್ತದೆ. ಸದ್ದು ಎಲ್ಲಿ ಹುಟ್ಟುತ್ತದೋ ಅಲ್ಲೇ ಅದರ ಕತ್ತು ಹಿಸುಕಬೇಕು.

ವಾರದ ನಡುವೆ ಮೊಟ್ಟೆ ಒಯ್ಯುವ ನೆಪದಲ್ಲಿ ಪ್ರಿಮೊ ಬಂದು ಹೆಡ್‌ಫೋನನ್ನು ಒಂದೇ ಕಿವಿಗೆ ಹಿಡಿದು ನೋಡಿದ.

"ಓಸ್ತ್ರೆಗಾ! ಹಕ್ಕಿ ಅಲ್ಲ ಇದು, ಜೇನುಗೂಡು. ಪ್ಲಗ್ಗಿನ ಮೂರನೇ ಕಡ್ಡಿ ಮುರಿದು ಬಿಸಾಕು, ನಿಲ್ಲುತ್ತೆ. ಎಲ್ರೂ ಮಾಡೋದು ಅದನ್ನೇ."

"ಅರ್ತಿನ ಕಡ್ಡಿ ಮುರಿದ್ರೆ ಗುಂಯ್ ಅನ್ನೋದೂ ನಿಲ್ಲುತ್ತೆ, ಒಂದಿನ ನನ್ನ ಉಸಿರೂ ನಿಲ್ಲುತ್ತೆ. ನಿಂಗೆ ಎರಡೂ ಲಾಭವೇ, ಅಲ್ವಾ?"

"ಛೆ, ಛೆ. ನೀನು ಹೋದ್ರೆ ಭಾನುವಾರದ ಊಟ ಯಾರು ಹಾಕ್ತಾರೆ?" ಎಂದು ಮೊಟ್ಟೆ ಎತ್ತಿಕೊಂಡು ಹೊರಟುಹೋದ.

ಶನಿವಾರ ಮಧ್ಯಾಹ್ನ ಎಲ್ಡಾ ಟೊಂಕ ಕಟ್ಟಿ ನಿಂತಳು. ಒಂದೊಂದೇ ತಂತಿ ಕಿತ್ತು ನೋಡಿದಳು. ಬರೀ ಹೆಡ್‌ಫೋನು, ಆಂಪ್ಲಿಫೈಯರು ಇದ್ದಾಗ ಮೌನ. ಕಂಪ್ಯೂಟರ್ ಬ್ಯಾಟರಿಯ ಮೇಲೆ ಸೇರಿದಾಗಲೂ ಮೌನ. ಮೈಕಿನ ತಂತಿ ಸಿಕ್ಕಿಸಿದೊಡನೆ ಗುಂಯ್! ಕಳ್ಳ ಮನೆಯೊಳಗಿಲ್ಲ, ಗದ್ದೆಯಲ್ಲಿದ್ದಾನೆ. ಆದರೆ ಅವಳು ಗದ್ದೆಗೆ ಹೋದರೆ ಇಲ್ಲಿ ಕೇಳುವವರು ಯಾರು? ಮನೆಯಲ್ಲಿ ಉಳಿದಿದ್ದು ಒಬ್ಬನೇ, ಅವನೋ ಕಿವುಡ.

ಬೇರೆ ದಾರಿಯಿಲ್ಲದೆ ಹೆಡ್‌ಫೋನನ್ನು ಗ್ವಿಡೊನ ತಲೆಗೆ ಹಾಕಿದಳು. ಅವನ ಹುಬ್ಬು ಮೇಲೇರಿತು.

"ಕೇಳುತ್ತಲ್ಲೇ! ಗುಂಯ್ ಅಂತಿದೆ!"

ಟ್ರ್ಯಾಕ್ಟರು ಅವನಿಂದ ಕಸಿದುಕೊಂಡದ್ದು ಕೀಚಲು ಸದ್ದುಗಳನ್ನು ಮಾತ್ರ. ತಳದ ಗಡುಸು ಸದ್ದುಗಳು ಅವನ ಪಾಲಿಗೆ ಇನ್ನೂ ಉಳಿದಿದ್ದವು. ಇಷ್ಟು ವರ್ಷ ಜೊತೆಗಿದ್ದೂ ತಾನು ಇದನ್ನು ಕಂಡುಹಿಡಿಯಲಿಲ್ಲವಲ್ಲ ಎಂದು ಎಲ್ಡಾಳಿಗೆ ನಾಚಿಕೆಯೇ ಆಯಿತು.

"ಕಿಟಕಿ ಹತ್ರ ನಿಂತ್ಕೊ. ಸದ್ದು ನಿಂತ ತಕ್ಷಣ ಪಾತ್ರೆ ಒರೆಸೋ ಬಟ್ಟೆ ಬೀಸು. ನಿದ್ದೆ ಹೋಗ್ಬೇಡ," ಎಂದು ಅವನ ಕಿವಿಯ ಬಳಿ ಅರಚಿ ಗದ್ದೆಗೆ ಹೋದಳು.

ತಂತಿ ಅಲುಗಿಸಿದಳು, ಕಿಟಕಿಯಲ್ಲಿ ಏನೂ ಇಲ್ಲ. ಕೊನೆಗೆ ಮೈಕನ್ನು ಕಂಬದಿಂದ ಬಿಚ್ಚಿ ಕೈಯಲ್ಲಿ ಎತ್ತಿ ಹಿಡಿದಳು. ದೂರದ ಕಿಟಕಿಯಲ್ಲಿ ಕೆಂಪು ಚೌಕುಳಿಯ ಬಟ್ಟೆ ಪಟಪಟ ಹಾರಾಡಿತು! ಮೈಕನ್ನು ಕಂಬಕ್ಕೆ ತಾಗಿಸಿದಳು, ಬಟ್ಟೆ ಕೆಳಗಿಳಿಯಿತು. ಮತ್ತೆ ಎತ್ತಿದಳು, ಬಟ್ಟೆ ಮೇಲೆ. ಬದುವಿನ ಮೇಲೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಎಲ್ಡಾ ಸಣ್ಣ ಹುಡುಗಿಯ ಹಾಗೆ ಕುಣಿದಳು.

ಬಗ್ಗಿ ನೋಡಿದರೆ ಕಂಬದ ಬುಡದಲ್ಲಿ ದಪ್ಪ ತಾಮ್ರದ ತಂತಿ. ಪಂಪಿನ ಅರ್ತಿನಿಂದ ಹೊರಟು, ಕಂಬವನ್ನು ಸುತ್ತಿ, ಮೈಕಿನ ಹಿಡಿಕೆಗೂ ಬಿಗಿದಿತ್ತು. ಇಷ್ಟು ಅಚ್ಚುಕಟ್ಟಾಗಿ ತಂತಿ ಬಿಗಿಯುವವನು ಆ ಸೀಮೆಯಲ್ಲಿ ಒಬ್ಬನೇ.

"ಇದ್ಯಾಕೆ ಮಾಡ್ದೆ?" ಎಂದು ಮನೆಗೆ ಬಂದು ಅಬ್ಬರಿಸಿದಳು.

ಗ್ವಿಡೊ ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಆ ವರ್ಷ ಸಿಡಿಲು ಬಡಿದು ಹೋರಿ ಸತ್ತಿದ್ದು ನೆನಪಿಲ್ವಾ? ಅಲ್ಲಿ ಸಿಡಿಲು ಬಡಿದ್ರೆ ತಂತಿ ಹಿಡ್ಕೊಂಡು ನೇರ ನಿನ್ನ ಕಿವಿಗೆ ಬರುತ್ತೆ. ಅದಕ್ಕೇ ನೆಲಕ್ಕೆ ದಾರಿ ಕೊಟ್ಟೆ."

ಎಲ್ಡಾಳ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ಕರಗಿತು. ವಾರವಿಡೀ ಅವಳ ತಲೆ ತಿಂದ ಗುಂಯ್ ಸದ್ದು ಗಂಡನ ಕಾಳಜಿಯೇ ಆಗಿತ್ತು. ಪಂಪಿನ ಅರ್ತೂ ಮನೆಯ ಅರ್ತೂ ಇಳಿಯುವುದು ಒಂದೇ ನೆಲಕ್ಕಾದರೂ ಎರಡರ ನಡುವೆ ಅಷ್ಟಿಷ್ಟು ಏರುಪೇರು ಇದ್ದೇ ಇರುತ್ತದೆ, ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರ ಹಾಗೆ. ಮೈಕಿನ ತಂತಿ ಎರಡನ್ನೂ ಗಂಟುಹಾಕಿದ್ದರಿಂದ ಕರೆಂಟು ಅದರ ಮೇಲೆ ಸಣ್ಣಗೆ ಹರಿದಾಡಿ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

"ಪಂಪಿನ ಅರ್ತು ಮುಟ್ಟಬೇಡ, ಅದು ಇರ್ಲಿ. ಮೈಕು ಮಾತ್ರ ಕಬ್ಬಿಣಕ್ಕೆ ತಾಗ್ಬಾರ್ದು. ಮೋಡ ಕಟ್ಟಿದ ದಿನ ನಾನು ಹೆಡ್‌ಫೋನ್ ಮುಟ್ಟಲ್ಲ, ತಂತೀನೂ ಕಿತ್ತಿಡ್ತೀನಿ. ಸರಿನಾ?"

ಗ್ವಿಡೊ ತಲೆಯಾಡಿಸಿದ. ಹಳೇ ಸೈಕಲ್ ಟ್ಯೂಬು ಕತ್ತರಿಸಿ ಮೈಕಿಗೆ ಸುತ್ತಿ, ಪ್ಲಾಸ್ಟಿಕ್ ಪೈಪಿನ ತುಂಡಿನ ಮೇಲೆ ನಿಲ್ಲಿಸಿದ್ದಾಯಿತು.

ಹೊತ್ತು ಇಳಿಯುತ್ತಿದ್ದಾಗ ಎಲ್ಡಾ ಹೆಡ್‌ಫೋನ್ ಹಾಕಿಕೊಂಡಳು. ಅಬ್ಬಾ, ಎಂಥ ಮೌನ! ಆ ಮೌನದೊಳಗೆ ನೀರು ತೂಬಿನ ಹಲಗೆ ನೆಕ್ಕುವ ಸದ್ದು, ಕಪ್ಪೆ ನೀರಿಗೆ ಬಿದ್ದ ಸದ್ದು. ಆಮೇಲೆ ಪಿಕಪ್ ನಿಂತ ಸದ್ದು. ಬೂಟಿನ ಸದ್ದು. ಆ ಏದುಸಿರು ಯಾರದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಸೈಕಲ್ ಟ್ಯೂಬಿನ ಗಂಟು ನೋಡಿ ಬರಲು ಹೋಗಿದ್ದ ಗ್ವಿಡೊ ಅಲ್ಲೇ ಇದ್ದ.

"ಕಟಾವಿನವನು ಫೋನ್ ಮಾಡಿದ್ದ," ಪ್ರಿಮೊನ ದನಿ ಪಿಸುಗುಟ್ಟಿತು. "ತೂಬು ಈಗ್ಲೇ ಎತ್ತಿಬಿಡೋಣ."

"ಏನಂದೆ? ಜೋರಾಗಿ ಹೇಳು, ಕೇಳಲ್ಲ."

"ತೂಬು ಎತ್ತೋಣ ಅಂದೆ! ಇವತ್ತೇ!"

"ಮಾತು ಕೊಟ್ಟಿದ್ದು ನಾಳೆವರ್ಗೂ ಅಲ್ವಾ? ಈ ಕಡೆ ಬಾ, ಈ ಕಿವಿ ವಾಸಿ."

ಬೂಟುಗಳು ಮೈಕಿನ ಹತ್ತಿರಕ್ಕೇ ಬಂದವು. "ಅವಳಿಗೆ ಹೇಗೆ ಗೊತ್ತಾಗುತ್ತೋ! ಆ ಹೆಡ್‌ಫೋನ್‌ನಲ್ಲಿ ಜೇನುಗೂಡು ಬಿಟ್ರೆ ಇನ್ನೇನೂ ಕೇಳಲ್ಲ! ನೀರು ತಾನಾಗೇ ಇಳೀತು ಅಂದ್ರಾಯ್ತು!"

ಆಮೇಲೆ ಗ್ವಿಡೊನ ದನಿ, ಎಂದೂ ಇಲ್ಲದಷ್ಟು ಗಟ್ಟಿಯಾಗಿ: "ಇಲ್ಲ ಪ್ರಿಮೊ. ಎಲ್ಡಾ ಹಕ್ಕಿ ಇದೆ ಅಂದ್ರೆ ಇದೆ. ತೂಬು ಎತ್ತಬೇಕು ಅಂದ್ರೆ ಮೊದ್ಲು ನನ್ನ ಎತ್ತಿ ಪಕ್ಕಕ್ಕಿಡು."

ಎಲ್ಡಾಳ ಕಣ್ಣು ಹನಿಗೂಡಿತು. ಅದನ್ನು ಒರೆಸಿಕೊಂಡು, ಫೋನ್ ತೆಗೆದು ಪ್ರಿಮೊನ ನಂಬರ್ ಒತ್ತಿದಳು. ಅವನ ಜೇಬಿನಲ್ಲಿ ಅದು ಬಡಿದುಕೊಂಡದ್ದೂ ಹೆಡ್‌ಫೋನಿನಲ್ಲಿ ಕೇಳಿಸಿತು.

"ಜೇನುಗೂಡಿಂದ ಮಾತಾಡ್ತಿದೀನಿ," ಎಂದಳು. "ನೀರು ತಾನಾಗೇ ಇಳಿಯಲ್ಲ ಪ್ರಿಮೊ. ಪೊಲೆಂಟಾ ಮುಂದೆ ಕೊಟ್ಟ ಮಾತೂ ತಾನಾಗೇ ಇಳಿಯಲ್ಲ. ಬಾ ಇಲ್ಲಿ."

ಒಬ್ಬ ದೇವರ ಹೆಸರನ್ನೂ ಬಿಡದೆ ಶಪಿಸುತ್ತ ಪ್ರಿಮೊ ಬಂದ. ಹಿಂದೆಯೇ ಗ್ವಿಡೊ. ಎಲ್ಡಾ ಬೈಯಲಿಲ್ಲ. ಕುರ್ಚಿ ಎಳೆದು ಅವನನ್ನು ಕೂರಿಸಿ ಹೆಡ್‌ಫೋನ್ ತಲೆಗಿಟ್ಟಳು. ಹೊರಗೆ ಬೆಳಕು ಸೋರಿಹೋಗುತ್ತಿತ್ತು. ಬದು ಖಾಲಿಯಾಗಿತ್ತು. ಪ್ರಿಮೊ ಮೊದಲು ಛಾವಣಿ ನೋಡಿದ, ಆಮೇಲೆ ಗಡಿಯಾರ ನೋಡಿದ, ಬಾಯಿ ತೆರೆದು ಏನೋ ಕುಹಕ ಆಡಲು ಹೊರಟ.

ಬಾಯಿ ತೆರೆದೇ ಉಳಿಯಿತು. ಒಂದು ಕೈ ಮೆಲ್ಲಗೆ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಿತು.

"ಮದೋನ್ನಾ ತಾಯೀ," ಎಂದ ಸಣ್ಣದಾಗಿ. "ಇದು... ಇದು ಪಂಪಲ್ಲ."

ಮತ್ತೊಮ್ಮೆ ಕೇಳಿದ. ಮೂರನೇ ಸಲ ಕೇಳಿದ ಮೇಲೆ ಎದ್ದು, ಪಿಕಪ್ಪಿಗೆ ಹೋಗಿ, ತೂಬು ಎತ್ತುವ ಕಬ್ಬಿಣದ ಹಿಡಿಕೆಯನ್ನು ತಂದು ಮೇಜಿನ ಮೇಲೆ, ಎಲ್ಡಾಳ ಆಂಪ್ಲಿಫೈಯರಿನ ಪಕ್ಕಕ್ಕೇ ಇಟ್ಟ.

"ಮರಿ ಹಾರಿದ ದಿನ ನೀನೇ ಕೊಡು. ಕಟಾವಿನವನಿಗೆ ನಾನು ಹೇಳ್ತೀನಿ." ಬಾಗಿಲ ಬಳಿ ನಿಂತು ತಿರುಗಿದ. "ನಾಳೆ ಊಟಕ್ಕೆ ಬರಬಹುದಾ?"

"ಬಾ. ಪೊಲೆಂಟಾ ತಿರುವೋ ಕೆಲಸ ಮಾತ್ರ ನಿಂದು. ತೋಳು ಬೀಳಬೇಕು ನಿಂಗೆ."

ಅವನ ಪಿಕಪ್ ದೂರವಾದ ಮೇಲೆ, ಇಷ್ಟು ದಿನ ಕಾದದ್ದನ್ನು ತಾನೂ ಕೇಳಿ ದಣಿವಾರಿಸಿಕೊಳ್ಳೋಣವೆಂದು ಎಲ್ಡಾ ತಿರುಗಿದಳು. ಹೆಡ್‌ಫೋನ್ ಆಗಲೇ ಗ್ವಿಡೊನ ತಲೆಯ ಮೇಲಿತ್ತು. ಎಷ್ಟೋ ವರ್ಷಗಳಿಂದ ಒಂದು ಹಕ್ಕಿಯ ದನಿಯನ್ನೂ ಕೇಳಿರದ ಅವನು ಕಣ್ಣುಮುಚ್ಚಿ, ಪ್ರತಿ ಕೂಗಿಗೂ ಪಾತ್ರೆ ಒರೆಸುವ ಬಟ್ಟೆಯನ್ನು ಮೆಲ್ಲಗೆ ಬೀಸುತ್ತಿದ್ದ.

"ಜೋರಾಗಿ ಹೇಳು ಅಂತ ಅವನ ಕೈಲಿ ಕೂಗಿಸಿದ್ಯಲ್ಲ, ಬೇಕೂಂತಲೇ ತಾನೇ?" ಎಂದು ಕೇಳಿದಳು.

ಗ್ವಿಡೊನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು. ಅವನು ನಕ್ಕದ್ದಂತೂ ನಿಜ. "ತಾಳೇ, ಇನ್ನೊಂದ್ಸಲ ಕೂಗ್ಲಿ," ಎಂದ. ಎಲ್ಡಾ ಕುರ್ಚಿ ಎಳೆದುಕೊಂಡು, ತನ್ನದೇ ಹೆಡ್‌ಫೋನಿಗಾಗಿ ಸರದಿ ಕಾಯುತ್ತ ಕೂತಳು.